ಮಣಿ ಮಗ್ಗದ ತ್ರಿಕೋನ: ಶೋಶೋನಿ-ಬ್ಯಾನಕ್ ಕುಶಲಕರ್ಮಿಗಳು ತಿದ್ದಿದ ಒಂದು ಸಾಫ್ಟ್‌ವೇರ್

ಅಮೆರಿಕದ ಮೂಲನಿವಾಸಿ ಮಕ್ಕಳಿಗೆ ಗಣಿತ ಕಲಿಸಲೆಂದು ಕಂಪ್ಯೂಟರಿನೊಳಗೆ ಒಂದು ಮಣಿ ಮಗ್ಗ ಕಟ್ಟಿದರು. ಅದರಲ್ಲಿ ತ್ರಿಕೋನ ಬಿಡಿಸಿದರೆ ಅಂಚು ಒಂದೇ ಸಮ ಬರುತ್ತಿರಲಿಲ್ಲ. ಒಂದು ಮೆಟ್ಟಿಲು ಅಗಲ, ಮುಂದಿನದು ಕಿರಿದು. ಆದರೆ ಆ ಮಕ್ಕಳ ಜನ ಕೈಯಲ್ಲಿ ನೇಯ್ದ ತ್ರಿಕೋನಗಳನ್ನು ನೋಡಿದರೆ ಅಂಚಿನಲ್ಲಿ ಒಂದು ಮಣಿಯೂ ಏರುಪೇರಿಲ್ಲ. ಗಣಿತಕ್ಕೆಂದೇ ಮಾಡಿದ ಯಂತ್ರಕ್ಕೆ ಬಾರದ್ದು ಮಣಿ ನೇಯುವವರ ಕೈಗೆ ಹೇಗೆ ಬಂತು? ಈ ಪ್ರಕರಣದ ತಿರುಳು ಇರುವುದು ಅಲ್ಲೇ.

ಸಂಖ್ಯೆಗಳ ವಿನ್ಯಾಸವನ್ನೂ ಸಾಂಪ್ರದಾಯಿಕ ಕರಕುಶಲವನ್ನೂ ಸೇರಿಸಿ ಪಾಠ ಮಾಡುವುದು ಈಗ ಹೊಸದಲ್ಲ. ಹೆಚ್ಚಿನ ಪಾಠಗಳು ಪುಸ್ತಕದ ಗಣಿತವನ್ನು ಒಯ್ದು ಕರಕುಶಲದ ಮೇಲೆ ಇಡುತ್ತವೆ. ಇಲ್ಲಿ ಲೆಕ್ಕ ಎದುರು ದಿಕ್ಕಿನಿಂದ ಬಂತು. ನೇಯುವವರ ಹತ್ತಿರ ಮೊದಲೇ ಒಂದು ಲೆಕ್ಕವಿತ್ತು, ಸಾಫ್ಟ್‌ವೇರು ಅದಕ್ಕೆ ತಕ್ಕಂತೆ ಬದಲಾಯಿತು. ಹಾಗಾಗಿಯೇ ಇದು ವಿವರವಾಗಿ ನೋಡಬೇಕಾದ ಪ್ರಕರಣ ಅಂತ ನನಗೆ ಅನ್ನಿಸುತ್ತದೆ.

ಜಾಗ, ಜನ, ಮಣಿ

ಇದು ನಡೆದದ್ದು ಫೋರ್ಟ್ ಹಾಲ್‌ನಲ್ಲಿ. ಆ ಜಾಗ ಇರುವುದು ಅಮೆರಿಕದ ಐಡಾಹೋ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಸ್ನೇಕ್ ನದಿಯ ಬಯಲಿನಲ್ಲಿ. ಶೋಶೋನಿ ಮತ್ತು ಬ್ಯಾನಕ್ ಜನರ ಮೀಸಲು ಪ್ರದೇಶ ಅದು. ಅದನ್ನು ಗುರುತಿಸಿದ್ದು 1867ರಲ್ಲಿ. ಮರುವರ್ಷ, 1868ರಲ್ಲಿ, ಅಮೆರಿಕ ಸರ್ಕಾರದ ಜೊತೆ ಫೋರ್ಟ್ ಬ್ರಿಡ್ಜರ್ ಒಪ್ಪಂದ ಆಯಿತು. ಫೋರ್ಟ್ ಹಾಲ್ ಎಂಬ ಹೆಸರು ಇನ್ನೂ ಹಳೆಯದು. 1834ರಲ್ಲಿ ನಥಾನಿಯಲ್ ವೈಯತ್ ಎಂಬ ವ್ಯಾಪಾರಿ ಅಲ್ಲಿ ಒಂದು ಕೋಟೆ ಕಟ್ಟಿ ತುಪ್ಪಳದ ವ್ಯಾಪಾರ ಶುರು ಮಾಡಿದ್ದ. ಕೆಲವೇ ವರ್ಷಗಳಲ್ಲಿ ಅದು ತುಪ್ಪಳದ ವ್ಯಾಪಾರದ ಬ್ರಿಟಿಷ್ ಸಂಸ್ಥೆಯಾದ ಹಡ್ಸನ್ಸ್ ಬೇ ಕಂಪನಿಯ ಕೈಗೆ ಹೋಯಿತು.

ಉತ್ತರ ಅಮೆರಿಕದ ಒಳನಾಡಿಗೆ ಗಾಜಿನ ಮಣಿ ತಲುಪಿದ್ದು ಇಂಥ ವ್ಯಾಪಾರದ ದಾರಿಗಳಲ್ಲೇ. ವೆನಿಸ್‌ನಿಂದ, ಬೊಹೀಮಿಯಾದಿಂದ ಹೊರಟ ಮಣಿಗಳು ತುಪ್ಪಳಕ್ಕೆ ಬದಲಾಗಿ ಕೈ ಸೇರುತ್ತಿದ್ದವು. ಮೊದಲು ಬಂದದ್ದು ದೊಡ್ಡ ಮಣಿ, ಆಮೇಲೆ ಸಾಸಿವೆಯಷ್ಟು ಸಣ್ಣವು. ಹಾಗಂತ ಈ ಕಲೆಯೇ ಹೊರಗಿನದು ಅಂದುಕೊಳ್ಳಬಾರದು. ಗಾಜಿಗಿಂತ ಎಷ್ಟೋ ಮುಂಚೆ ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ತೊಗಲಿನ ಮೇಲೆ ಹೊಲಿಯುತ್ತಿದ್ದರು. ಚಿಪ್ಪು, ಎಲುಬು, ಬೀಜಗಳನ್ನು ಪೋಣಿಸುತ್ತಿದ್ದರು. ಹೊರಗಿನಿಂದ ಬಂದದ್ದು ಸಾಮಗ್ರಿ. ಅದನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬ ತಿಳಿವಳಿಕೆ ಅವರದೇ.

ಶಾಲೆಯ ವಿಷಯಕ್ಕೆ ಬಂದರೆ ಚರಿತ್ರೆ ಕಹಿಯಾಗಿದೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗೆಂದು ವಸತಿ ಶಾಲೆ ಶುರುವಾಯಿತು. ಅದನ್ನು ನೋಡಿ ದೇಶದ ತುಂಬ ಇಂಥ ಶಾಲೆಗಳು ಎದ್ದವು. ಮಕ್ಕಳ ಕೂದಲು ಕತ್ತರಿಸಿದರು, ಮನೆಮಾತು ಆಡದಂತೆ ಮಾಡಿದರು. ಶಾಲೆ ಎಂದರೆ ತಮ್ಮತನವನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವ ಜಾಗ ಎಂಬ ನೋವು ತಲೆಮಾರುಗಳವರೆಗೆ ಉಳಿಯಿತು. ಗಣಿತದ ತರಗತಿಗೆ ಮಣಿ ಕೆಲಸ ತರುವುದು ಸುಮ್ನೆ ಪಾಠವನ್ನು ರಂಜನೆ ಮಾಡುವ ಮಾತಲ್ಲ ಅನ್ನುವುದಕ್ಕೆ ಈ ಹಿನ್ನೆಲೆ ಗೊತ್ತಿರಬೇಕು.

ಮಗ್ಗದಲ್ಲೇ ಇರುವ ಲೆಕ್ಕ

ಮಣಿ ಮಗ್ಗ ನೋಡಲು ಬಹಳ ಸರಳ. ಒಂದು ಚೌಕಟ್ಟು, ಅದರ ಮೇಲೆ ಬಿಗಿಯಾಗಿ ಎಳೆದ ಹಾಸಿನ ನೂಲುಗಳು. ಒಂದು ಸಾಲಿಗೆ ಬೇಕಾದಷ್ಟು ಮಣಿಗಳನ್ನು ಹೊಕ್ಕಿನ ನೂಲಿಗೆ ಪೋಣಿಸಿ, ಹಾಸಿನ ಕೆಳಗೆ ಹಿಡಿದು, ಬೆರಳಿನಿಂದ ಮೇಲಕ್ಕೆ ಒತ್ತುತ್ತಾರೆ. ಎರಡೆರಡು ಹಾಸಿನ ನಡುವೆ ಒಂದೊಂದು ಮಣಿ ಕೂರುತ್ತದೆ. ಆಮೇಲೆ ಸೂಜಿಯನ್ನು ಹಾಸಿನ ಮೇಲಿನಿಂದ ಅದೇ ಮಣಿಗಳ ತೂತಿನೊಳಗೆ ಹಿಂದಕ್ಕೆ ತೂರಿಸುತ್ತಾರೆ. ಸಾಲು ಭದ್ರವಾಯಿತು. ಮುಂದಿನ ಸಾಲು.

ಮೊದಲ ಲೆಕ್ಕ ಇಲ್ಲೇ ಇದೆ. ಅಡ್ಡಕ್ಕೆ 20 ಮಣಿ ಬೇಕಾದರೆ ಹಾಸಿಗೆ 21 ನೂಲು ಬೇಕು. ಯಾವಾಗಲೂ ಒಂದು ಜಾಸ್ತಿ. ಎರಡನೆಯ ಲೆಕ್ಕ, ನಡುವಿನದು. ವಿನ್ಯಾಸದ ಎಡ ಬಲ ಒಂದೇ ಥರ ಇರಬೇಕು, ನಡುವೆ ಒಂದು ಚೂಪು ತುದಿ ಬರಬೇಕು ಅಂದರೆ ಮಣಿಗಳ ಸಂಖ್ಯೆ ಬೆಸ ಆಗಿರಲೇಬೇಕು. ಸಮಸಂಖ್ಯೆ ಆದರೆ ನಡುವೆ ಮಣಿಯೇ ಇರುವುದಿಲ್ಲ, ಹಾಸಿನ ನೂಲು ಇರುತ್ತದೆ. ಇದೆಲ್ಲ ಮಗ್ಗಕ್ಕೆ ನೂಲು ಹಾಕುವ ಮುಂಚೆಯೇ ತೀರ್ಮಾನವಾಗಬೇಕು. ಅರ್ಧ ನೇಯ್ದ ಮೇಲೆ ಒಂದು ಹಾಸು ಸೇರಿಸಲು ಬರುವುದಿಲ್ಲ, ಅಲ್ವಾ?

ಬೇರೊಂದು ಜನರ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ಪೂರ್ವ ಭಾಗದ ಹಾಡೆನೊಶೌನಿ (ಇರೊಕ್ವಾಯ್) ಜನ ಚಿಪ್ಪಿನ ಮಣಿಗಳಿಂದ ವಾಂಪಮ್ ಪಟ್ಟಿಗಳನ್ನು ನೇಯುತ್ತಿದ್ದರು. ಒಪ್ಪಂದಗಳನ್ನು, ಮಾತು ಕೊಟ್ಟದ್ದನ್ನು ನೆನಪಿಡುವ ಪಟ್ಟಿಗಳು ಅವು. ಅವರ ಐದು ರಾಷ್ಟ್ರಗಳ ಒಕ್ಕೂಟವನ್ನು ತೋರಿಸುವ ಹಯವಾಥ ಪಟ್ಟಿಯಲ್ಲಿ 38 ಸಾಲು, ಪ್ರತಿ ಸಾಲಿಗೆ 173 ಮಣಿ. ಒಟ್ಟು 6,574. ಅದರಲ್ಲಿ ಬಿಳಿ 892, ನೇರಳೆ 5,682. 173 ಬೆಸ ಸಂಖ್ಯೆ. ಅಂದರೆ 87ನೆಯ ಮಣಿ ನಟ್ಟನಡುವೆ, ಎರಡೂ ಕಡೆ 86. ಆ ನಡುವಿನ ಜಾಗದಲ್ಲೇ ಐದರಲ್ಲಿ ಒಂದಾದ ಒನೊಂಡಗ ರಾಷ್ಟ್ರದ ಮರದ ಗುರುತು ನಿಂತಿದೆ. ಈ ಪಟ್ಟಿ ಬಹುಕಾಲ ನ್ಯೂಯಾರ್ಕ್ ರಾಜ್ಯದ ವಸ್ತುಸಂಗ್ರಹಾಲಯದಲ್ಲಿತ್ತು. 1989ರಲ್ಲಿ ಒನೊಂಡಗ ಜನರಿಗೆ ಮರಳಿತು.

ಮಗ್ಗದ ಮೂರನೆಯ ಲೆಕ್ಕವೇ ಸಾಫ್ಟ್‌ವೇರ್ ಕಟ್ಟಿದ ತಂಡವನ್ನು ಸೆಳೆದದ್ದು. ಸಾಲು, ಕಾಲಂ ಎರಡನ್ನೂ ಎಣಿಸಿದರೆ ಪ್ರತಿ ಮಣಿಗೂ ಒಂದು ವಿಳಾಸ ಸಿಗುತ್ತದೆ. ನಡುವಿನ ಮಣಿಯನ್ನು ಸೊನ್ನೆ ಅಂದುಕೊಂಡರೆ ಬಲಕ್ಕೆ 5, ಮೇಲಕ್ಕೆ 3. ಎಡಕ್ಕೆ ಹೋದರೆ ಋಣ ಸಂಖ್ಯೆ. ಶಾಲೆಯಲ್ಲಿ ಎಕ್ಸ್-ವೈ ಅಕ್ಷ ಅಂತ ಕಲಿಸುವುದು ಇದನ್ನೇ. ಪುಸ್ತಕಗಳು ಈ ವಿಚಾರಕ್ಕೆ 1637ರಲ್ಲಿ ಬರೆದ ಫ್ರೆಂಚ್ ಗಣಿತಜ್ಞ ಡೆಕಾರ್ಟ್‌ನ ಹೆಸರು ಕೊಡುತ್ತವೆ. ಆದರೆ ನಾಲ್ಕು ದಿಕ್ಕುಗಳನ್ನು ನಡುವಿನಿಂದ ಅಳೆದು ಜೋಡಿಸುವುದು ಅಮೆರಿಕದ ಹಲವು ಮೂಲನಿವಾಸಿ ಜನರ ಕಟ್ಟಡದಲ್ಲಿ, ಆಚರಣೆಯಲ್ಲಿ, ವಿನ್ಯಾಸದಲ್ಲಿ ಹಾಸುಹೊಕ್ಕಾಗಿದೆ. ಎಲ್ಲರದೂ ಒಂದೇ ರೀತಿ ಅಂತಲೂ ಅಲ್ಲ. ಕ್ರೋ ಮತ್ತು ಬ್ಲ್ಯಾಕ್‌ಫೀಟ್ ಜನ ಟೀಪಿ ಗುಡಾರವನ್ನು ನಾಲ್ಕು ಮುಖ್ಯ ಕಂಬಗಳ ಮೇಲೆ ಎತ್ತಿದರೆ, ಲಕೋಟ ಮತ್ತು ಶೈಯೆನ್ ಜನ ಮೂರರ ಮೇಲೆ ಎತ್ತುತ್ತಾರೆ.

ಅಂಚು ಯಾಕೆ ಏರುಪೇರಾಯಿತು?

ತಂಡದ ಮುಂದಾಳು ರಾನ್ ಎಗ್ಲ್ಯಾಶ್. ನ್ಯೂಯಾರ್ಕ್ ರಾಜ್ಯದ ರೆನ್ಸಲೇರ್ ಪಾಲಿಟೆಕ್ನಿಕ್ ಎಂಬ ವಿಶ್ವವಿದ್ಯಾಲಯದಲ್ಲಿದ್ದವರು. ಅದಕ್ಕೂ ಮೊದಲು ಆಫ್ರಿಕಾದ ಹಳ್ಳಿಗಳ ರಚನೆ, ಜಡೆ, ಬಟ್ಟೆಗಳಲ್ಲಿ ಇರುವ ಫ್ರ್ಯಾಕ್ಟಲ್ ಗಣಿತವನ್ನು, ಅಂದರೆ ಒಂದೇ ಆಕಾರ ಸಣ್ಣದಾಗುತ್ತ ತನ್ನೊಳಗೇ ಮರುಕಳಿಸುವ ವಿನ್ಯಾಸಗಳ ಗಣಿತವನ್ನು, ಅಧ್ಯಯನ ಮಾಡಿದ್ದವರು. ಫೋರ್ಟ್ ಹಾಲ್‌ನ ಶೋಶೋನಿ-ಬ್ಯಾನಕ್ ಶಾಲೆಯ ಜೊತೆ ಕೆಲಸ ಮಾಡುತ್ತ ಈ ತಂಡ 'ವರ್ಚುವಲ್ ಬೀಡ್ ಲೂಮ್' ಎಂಬ ಸಾಫ್ಟ್‌ವೇರ್ ಕಟ್ಟಿತು. ಎಕ್ಸ್ ಮತ್ತು ವೈ ಬೆಲೆ ಕೊಟ್ಟರೆ ಆ ಜಾಗದಲ್ಲಿ ಬಣ್ಣದ ಮಣಿ ಬಂದು ಕೂರುತ್ತದೆ. ಒಂದೊಂದೇ ಮಣಿ ಇಡುತ್ತ ಹೋದರೆ ಅಕ್ಷಗಳ ಅಭ್ಯಾಸ ಚೆನ್ನಾಗಿ ಆಗುತ್ತದೆ, ಆದರೆ ದೊಡ್ಡ ವಿನ್ಯಾಸಕ್ಕೆ ಬೇಸರ ಬಂದುಬಿಡುತ್ತದೆ. ಅದಕ್ಕಾಗಿ ರೇಖೆ, ಆಯತ, ತ್ರಿಕೋನಗಳನ್ನು ಒಂದೇ ಬಾರಿಗೆ ಇಡುವ ಸಾಧನಗಳು ಬಂದವು.

ತೊಂದರೆ ಆದದ್ದು ತ್ರಿಕೋನದಲ್ಲಿ. ತಂಡ ಬಳಸಿದ್ದು ಕಂಪ್ಯೂಟರ್ ಗ್ರಾಫಿಕ್ಸ್‌ನ ಮಾಮೂಲಿ ವಿಧಾನ. ಮೂರು ಮೂಲೆ ಕೊಡಿ, ಅವುಗಳ ನಡುವೆ ನೇರ ಗೆರೆ ಇದೆ ಅಂದುಕೊಂಡು ಆ ಗೆರೆಗೆ ಹತ್ತಿರದ ಚೌಕಗಳನ್ನು ಯಂತ್ರ ತುಂಬುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸೊನ್ನೆಯಿಂದ ಹೊರಟ ಗೆರೆ ಬಲಕ್ಕೆ 10, ಮೇಲಕ್ಕೆ 4 ಇರುವ ಬಿಂದುವಿಗೆ ಹೋಗಬೇಕು. ಮೇಲಕ್ಕೆ ಒಂದು ಹೆಜ್ಜೆ ಇಟ್ಟರೆ ಬಲಕ್ಕೆ ಎರಡೂವರೆ. ಅರ್ಧ ಮಣಿ ಇಡಲು ಸಾಧ್ಯವಿಲ್ಲ. ಯಂತ್ರ ಹತ್ತಿರದ ಪೂರ್ಣಸಂಖ್ಯೆ ಆರಿಸುತ್ತದೆ. ಕೊನೆಗೆ ಐದು ಸಾಲುಗಳಲ್ಲಿ ಮಣಿಗಳ ಗುಂಪು ಹೀಗೆ ಬರುತ್ತದೆ: 2, 2, 3, 2, 2. ನಡುವೆ ಒಂದು ಮೂರು ನುಗ್ಗಿತು. ಪರದೆಯ ಮೇಲೆ ಚುಕ್ಕೆಗಳು ತೀರಾ ಸಣ್ಣವು, ಹಾಗಾಗಿ ಇದು ಕಣ್ಣಿಗೆ ಬೀಳುವುದಿಲ್ಲ. ಮಣಿ ದೊಡ್ಡದು. ಎದ್ದು ಕಾಣುತ್ತದೆ.

ಶೋಶೋನಿ-ಬ್ಯಾನಕ್ ಮಣಿ ಕೆಲಸದಲ್ಲಿ ಹೀಗೆ ಆಗುವುದಿಲ್ಲ. ತಂಡ ನೇಯುವವರ ಜೊತೆ ಮಾತಾಡಿದಾಗ ಕಾರಣ ಗೊತ್ತಾಯಿತು. ಅವರು ಮೂರು ಮೂಲೆ ಗುರುತಿಸಿ ನಡುವೆ ಗೆರೆ ಎಳೆಯುವವರೇ ಅಲ್ಲ. ಅವರ ಬಳಿ ಇರುವುದು ಸಾಲಿನಿಂದ ಸಾಲಿಗೆ ಹೋಗುವ ನಿಯಮ. ಒಂದು ಸಾಲು ಮೇಲೆ ಹೋದಾಗಲೆಲ್ಲ ಎಡದಿಂದ ಮೂರು ಮಣಿ ಕಡಿಮೆ ಮಾಡು, ಈ ಥರ. ನಿಯಮ ಬದಲಾಗುವುದಿಲ್ಲ, ಆದ್ದರಿಂದ ಮೆಟ್ಟಿಲೂ ಬದಲಾಗುವುದಿಲ್ಲ.

ಎಗ್ಲ್ಯಾಶ್ ಮತ್ತು ಜೊತೆಗಾರರು ಇದನ್ನು 2006ರಲ್ಲಿ 'ಅಮೆರಿಕನ್ ಆಂತ್ರಪಾಲಜಿಸ್ಟ್' ಪತ್ರಿಕೆಯ ತಮ್ಮ ಲೇಖನದಲ್ಲಿ ಬರೆದಿದ್ದಾರೆ. ತಂಡ ಎರಡನೆಯ ತ್ರಿಕೋನ ಸಾಧನ ಮಾಡಿತು. ಅದಕ್ಕೆ ಮೂಲೆಗಳು ಬೇಡ. ಎಲ್ಲಿಂದ ಶುರು, ಎಷ್ಟು ಸಾಲು, ಪ್ರತಿ ಸಾಲಿಗೆ ಎಷ್ಟು ಮಣಿ ಸೇರಬೇಕು, ಇಷ್ಟು ಹೇಳಿದರೆ ಸಾಕು. ಮೊದಲಿನ ಸಾಧನವನ್ನು ಕಿತ್ತುಹಾಕಲಿಲ್ಲ. ಎರಡೂ ಪಕ್ಕಪಕ್ಕ ಉಳಿದವು. ಇದು ನನಗೆ ಬಹಳ ಇಷ್ಟವಾದ ತೀರ್ಮಾನ. ಒಂದೇ ಆಕಾರಕ್ಕೆ ಎರಡು ದಾರಿ ಇವೆ, ಎರಡರ ಫಲ ಬೇರೆ, ಯಾಕೆ ಬೇರೆ ಅಂತ ಮಗು ತಾನೇ ಹೋಲಿಸಿ ನೋಡಬಹುದು.

ನಿಯಮದ ಒಳಗೆ ಏನಿದೆ

ನೇಯುವವರ ನಿಯಮ ಕೇಳಲು ಸಣ್ಣದು. ಬಿಚ್ಚಿ ನೋಡಿದರೆ ಸಾಕಷ್ಟು ಗಣಿತ ಸಿಗುತ್ತದೆ.

ತುದಿಯಲ್ಲಿ ಒಂದು ಮಣಿ. ಪ್ರತಿ ಸಾಲಿಗೆ ಎಡಕ್ಕೊಂದು, ಬಲಕ್ಕೊಂದು ಸೇರಿಸಿ. 1, 3, 5, 7, 9. ಬೆಸ ಸಂಖ್ಯೆಗಳ ಸರಣಿ. ಇವನ್ನು ಕೂಡುತ್ತ ಹೋದರೆ 1, 4, 9, 16, 25. ವರ್ಗ ಸಂಖ್ಯೆಗಳು! ಹತ್ತು ಸಾಲಿನ ತ್ರಿಕೋನಕ್ಕೆ ಸರಿಯಾಗಿ 100 ಮಣಿ ಬೇಕು. ಅದರ ಕೆಳಗೆ ತಲೆಕೆಳಗಾದ ಒಂಬತ್ತು ಸಾಲು ಸೇರಿಸಿ ವಜ್ರದ ಆಕಾರ ಮಾಡಿದರೆ 100 ಮತ್ತು 81, ಒಟ್ಟು 181. ಆ ಬಣ್ಣದ ಮಣಿ ಎಷ್ಟು ಬೇಕು ಅಂತ ಮುಂಚೆಯೇ ಹೇಳಬಹುದು.

ನಮ್ಮ ಚುಕ್ಕಿ ರಂಗೋಲಿ ಹಾಕಿ ಗೊತ್ತಿರುವವರಿಗೆ ಈ ಯೋಚನೆ ಹೊಸದೇನಲ್ಲ. '15ರಿಂದ 8, ಮಧ್ಯ ಚುಕ್ಕಿ' ಅಂದ ಕೂಡಲೇ ಕೈ ಓಡುತ್ತದೆ: ನಡುವಿನ ಸಾಲಿಗೆ 15, ಆಮೇಲೆ ಮೇಲಕ್ಕೂ ಕೆಳಕ್ಕೂ ಸಾಲಿಗೆ ಒಂದೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸು. ಮೂಲೆಗಳನ್ನು ಯಾರೂ ಮೊದಲು ಗುರುತಿಸುವುದಿಲ್ಲ. ಆಕಾರ ನಿಯಮದಿಂದ ತಾನಾಗಿ ಮೂಡುತ್ತದೆ.

ಇನ್ನು ಮೂರು ಮಣಿಯ ನಿಯಮ ನೋಡಿ. ಇದು ಸ್ವಲ್ಪ ಕಷ್ಟ, ಆದರೆ ನನ್ನ ಪ್ರಕಾರ ಇಡೀ ಪ್ರಕರಣದ ಅತಿ ಚೆಂದದ ಭಾಗ. ತಳದಲ್ಲಿ 31 ಮಣಿ. ಮೇಲೆ ಹೋದಂತೆ ಎರಡೂ ಬದಿಯಿಂದ ಮೂರು ಮೂರು ಕಳೆಯಿರಿ. 31, 25, 19, 13, 7, 1. ಆರು ಸಾಲಿಗೆ ಒಂದೇ ಮಣಿಯ ಚೂಪು ತುದಿ. ಈಗ ತಳದಲ್ಲಿ 29 ಇಟ್ಟು ನೋಡಿ. 29, 23, 17, 11, 5. ಅಲ್ಲಿಗೆ ನಿಂತಿತು. ಮುಂದೆ ಕಳೆಯಲು ಮಣಿ ಇಲ್ಲ, ತುದಿ ಮೊಂಡು. 30 ಇಟ್ಟರೂ ಮೊಂಡೇ, ಕೊನೆಗೆ 6 ಉಳಿಯುತ್ತದೆ.

ಅಂದರೆ ಚೂಪು ತುದಿ ಬೇಕಾದರೆ ತಳದ ಸಂಖ್ಯೆಯನ್ನು 6ರಿಂದ ಭಾಗಿಸಿದಾಗ ಶೇಷ 1 ಬರಬೇಕು. 7, 13, 19, 25, 31, 37. ಬೇರೆ ಯಾವುದೂ ಆಗದು. ಅದು ಮಗ್ಗಕ್ಕೂ ತಟ್ಟುತ್ತದೆ. 31 ಮಣಿ ಅಂದರೆ 32 ಹಾಸು. ಅಂಥ ಮೂರು ತ್ರಿಕೋನ ಪಕ್ಕಪಕ್ಕ ಬೇಕು, ನಡುನಡುವೆ ಒಂದೊಂದು ಮಣಿ ಬಿಡಬೇಕು ಅಂದರೆ 95 ಮಣಿ, 96 ಹಾಸು. ತುದಿಯ ಒಂದು ಮಣಿ ಹೇಗಿರಬೇಕು ಎಂಬುದು ಮೊದಲ ನೂಲು ಕಟ್ಟುವಾಗಲೇ ನಿರ್ಧಾರ ಆಗಿರುತ್ತದೆ. ಶೇಷದ ಲೆಕ್ಕ ಯಾಕೆ ಕಲಿಯಬೇಕು ಅಂತ ಕೇಳುವ ಏಳನೇ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಎರಡು ದಾರಿಗಳ ವ್ಯತ್ಯಾಸವೂ ಇಲ್ಲಿ ಸ್ಪಷ್ಟವಾಗುತ್ತದೆ. ಯಂತ್ರ ತುದಿಯನ್ನು ಗಟ್ಟಿ ಮಾಡಿಕೊಂಡು ಅಂಚನ್ನು ಬಿಟ್ಟುಕೊಟ್ಟಿತು. ನೇಯುವವರು ಅಂಚನ್ನು ಗಟ್ಟಿ ಮಾಡಿಕೊಂಡು ತುದಿಯನ್ನು ಲೆಕ್ಕ ಹಾಕಿದರು. ಮೊದಲನೆಯದರಲ್ಲಿ ಗೆರೆಯ ಇಳಿಜಾರು ಯಾವ ಭಿನ್ನರಾಶಿಯೂ ಆಗಬಹುದು. ಎರಡನೆಯದರಲ್ಲಿ ಸಾಲಿಗೆ ಇಂತಿಷ್ಟು ಮಣಿ, ಇಲ್ಲವೇ ಇಂತಿಷ್ಟು ಸಾಲಿಗೆ ಒಂದು ಮಣಿ, ಅಷ್ಟೇ. ಆಯ್ಕೆ ಕಡಿಮೆ, ಆದರೆ ಆರಿಸಿದ್ದೆಲ್ಲ ಶುದ್ಧ.

ಫಿಬೊನಾಚಿ ಪಟ್ಟಿಗಳ ಬಗ್ಗೆ

ಮಣಿ ಮತ್ತು ಗಣಿತ ಅಂದ ತಕ್ಷಣ ಅನೇಕ ಶಿಕ್ಷಕರು ಫಿಬೊನಾಚಿ ಸರಣಿಗೆ ಹೋಗುತ್ತಾರೆ. ಹಿಂದಿನ ಎರಡು ಸಂಖ್ಯೆ ಕೂಡಿದರೆ ಮುಂದಿನದು ಬರುವ ಸರಣಿ ಅದು. 1, 1, 2, 3, 5, 8, 13 ಅಗಲದ ಬಣ್ಣದ ಪಟ್ಟೆಗಳನ್ನು ನೇಯಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಮಕ್ಕಳಿಗೆ ಖುಷಿಯೂ ಆಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಅಲ್ಲಿ ಮಣಿಯ ಬದಲು ಬಣ್ಣದ ಕಾಗದ ಇಟ್ಟರೂ ಪಾಠ ಒಂದಿಷ್ಟೂ ಬದಲಾಗುವುದಿಲ್ಲ. ಸರಣಿ ಬೇರೆಲ್ಲಿಂದಲೋ ಬಂದದ್ದು. ಮಗ್ಗ ಅದಕ್ಕೆ ಏನನ್ನೂ ಹೇಳುವುದಿಲ್ಲ. 21ರವರೆಗೆ ಕೂಡಿದರೆ 54 ಮಣಿ, ಮುಂದಿನ ಪಟ್ಟೆ ಒಂದೇ 34. ಸರಣಿ ಬೇಗ ಉಬ್ಬಿಬಿಡುತ್ತದೆ. ಎಡ ಬಲ ಸಮ ಬೇಕಾದರೆ ಇಡೀ ಸರಣಿಯನ್ನು ಕನ್ನಡಿಯಂತೆ ಮತ್ತೆ ಹೇಳಬೇಕು. ಒಂದು ಜನರ ಕಲೆಯನ್ನು ತರಗತಿಗೆ ತರುತ್ತೇವೆ ಅಂದಮೇಲೆ ಅವರ ಕೈಯಲ್ಲಿ ಯಾವ ಸಂಖ್ಯೆಗಳು ಓಡಾಡುತ್ತಿವೆ ಅಂತ ಮೊದಲು ಕೇಳಬೇಕು ಅನ್ನುವುದು ನನ್ನ ಬಲವಾದ ನಂಬಿಕೆ. ಫಿಬೊನಾಚಿ ಆಮೇಲೆ ಬರಲಿ. ಫೋರ್ಟ್ ಹಾಲ್‌ನಲ್ಲಿ ತಂಡ ಹಾಗೆ ಕೇಳದೆ ಇದ್ದಿದ್ದರೆ ಏರುಪೇರಾದ ತ್ರಿಕೋನವೇ ಉಳಿಯುತ್ತಿತ್ತು. ಅದನ್ನು ನೋಡಿದ ಮಗುವಿಗೆ ತನ್ನ ಅಜ್ಜಿಯ ಕೆಲಸ ಗಣಿತಕ್ಕೆ ಹೊಂದುವುದಿಲ್ಲ ಅಂತ ಅನ್ನಿಸುತ್ತಿತ್ತು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಫಲ ತದ್ವಿರುದ್ಧ.

ಪರದೆಗೆ ಹಿಡಿಯದ ಸಂಗತಿಗಳು

ಸಾಫ್ಟ್‌ವೇರಿನ ಮಣಿ ಎಲ್ಲ ಕಡೆಯಿಂದಲೂ ಒಂದೇ ಅಳತೆ. ನಿಜವಾದ ಗಾಜಿನ ಮಣಿ ಹಾಗಿಲ್ಲ. ತೂತಿನ ಉದ್ದಕ್ಕೆ ಅಳೆದರೆ ಕಡಿಮೆ, ಅಡ್ಡಕ್ಕೆ ಅಳೆದರೆ ಜಾಸ್ತಿ. ಮಗ್ಗದಲ್ಲಿ ತೂತು ಹೊಕ್ಕಿನ ದಿಕ್ಕಿಗೆ ಇರುತ್ತದೆ. ಹೀಗಾಗಿ 20 ಸಾಲು, 20 ಕಾಲಂನ ವಿನ್ಯಾಸ ಪರದೆಯಲ್ಲಿ ಚೌಕ, ಮಗ್ಗದಲ್ಲಿ ಹಾಸಿನ ಉದ್ದಕ್ಕೆ ಸ್ವಲ್ಪ ಎಳೆದ ಆಯತ. ಪರದೆಯ ವೃತ್ತ ಕೈಗೆ ಬರುವಾಗ ಮೊಟ್ಟೆಯಾಗುತ್ತದೆ. ನುರಿತವರು ಇದನ್ನು ಸಾಲು ಕಡಿಮೆ ಮಾಡಿ ಸರಿತೂಗಿಸುತ್ತಾರೆ. ಸಾಫ್ಟ್‌ವೇರಿನಲ್ಲಷ್ಟೇ ಕಲಿತ ಮಗುವಿಗೆ ಇದು ಗೊತ್ತಾಗದು. ಪರದೆಯ ವಿನ್ಯಾಸವನ್ನು ನಿಜವಾದ ಮಗ್ಗಕ್ಕೆ ತಂದು ನೇಯಿಸಿದರೆ ಮಾತ್ರ ಪಾಠ ಪೂರ್ತಿಯಾಗುತ್ತದೆ.

ಎಲ್ಲ ಮಣಿ ಕೆಲಸವೂ ಮಗ್ಗದ್ದಲ್ಲ. ತೊಗಲಿನ ಮೇಲೆ ನೇರವಾಗಿ ಹೊಲಿಯುವ ಬಗೆ ಇದೆ. ಶೋಶೋನಿ ಗುಲಾಬಿ ಎಂದೇ ಹೆಸರಾದ ಹೂವಿನ ವಿನ್ಯಾಸವನ್ನೇ ತೆಗೆದುಕೊಳ್ಳಿ. ಅಲ್ಲಿ ಮಣಿಗಳ ಸಾಲು ಎಸಳಿನ ಬಾಗನ್ನು ಹಿಡಿದು ತಿರುಗುತ್ತದೆ. ಎಕ್ಸ್, ವೈ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಬೇರೆಯೇ ಗಣಿತ ಬೇಕು. ಚೌಕಗಳಿಗೆ ಹೊಂದಿದ್ದನ್ನು ಮಾತ್ರ ತರಗತಿಗೆ ತಂದರೆ ಇಡೀ ಕಲೆಯೇ ಚೌಕದ್ದು ಎಂಬ ತಪ್ಪು ಚಿತ್ರ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಇನ್ನೊಂದು ಸಂಗತಿ, ಒಪ್ಪಿಗೆ. ಯಾವ ವಿನ್ಯಾಸ ಪಾಠಕ್ಕೆ ಬರಬಹುದು, ಯಾವುದು ಮನೆತನಕ್ಕೋ ಆಚರಣೆಗೋ ಸೇರಿದ್ದು, ಇದನ್ನು ಹೊರಗಿನವರು ತೀರ್ಮಾನಿಸುವಂತಿಲ್ಲ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದೆಂದು ಹೇಳಿ ಮಾರುವುದು ಅಮೆರಿಕದಲ್ಲಿ ಅಪರಾಧ. 1990ರ ಕರಕುಶಲ ಕಾಯ್ದೆ ಅದನ್ನು ಬಿಗಿ ಮಾಡಿದೆ. ತರಗತಿಯ ಪಾಠಕ್ಕೆ ಆ ಕಾಯ್ದೆ ತಟ್ಟುವುದಿಲ್ಲ. ಅಲ್ಲಿ ಉಳಿಯುವುದು ಕೇಳುವ ಸೌಜನ್ಯ ಮಾತ್ರ. ನಿಯಮ ಹೇಳಿಕೊಟ್ಟವರು ಯಾವ ಜನ ಎಂಬುದನ್ನು ಪಾಠದಲ್ಲೇ ಹೇಳುವುದೂ ಅದರ ಭಾಗ. ಸಾಫ್ಟ್‌ವೇರಿನ ಜೊತೆ ಮಣಿ ಕೆಲಸದ ಇತಿಹಾಸ ತಿಳಿಸುವ ಪುಟಗಳನ್ನೂ ತಂಡ ಕೊಟ್ಟಿತು. ಶಿಕ್ಷಕರು ಅವಸರದಲ್ಲಿ ಆ ಪುಟಗಳನ್ನು ದಾಟಿಸಿ ನೇರ ತ್ರಿಕೋನಕ್ಕೆ ಹೋದರೆ ಮಕ್ಕಳಿಗೆ ಸಿಗುವುದು ಬರೀ ಬಣ್ಣದ ಚುಕ್ಕೆಗಳು.

ಮುಂದೆ ಇದೇ ತಂಡ ತನ್ನ ಸಾಧನಗಳನ್ನು ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ರೂಪಕ್ಕೂ ತಂದಿತು. ಅಲ್ಲಿ ತ್ರಿಕೋನದ ಸಾಧನವನ್ನು ಮಗು ತಾನೇ ಕಟ್ಟಬಹುದು. ಒಂದು ಸಾಲು ಇಡು, ಒಂದು ಸಾಲು ಮೇಲೆ ಹೋಗು, ಎರಡೂ ಬದಿಯಿಂದ ಮೂರು ಕಳೆ, ಇದನ್ನು ಆರು ಸಲ ಮಾಡು. ತಳದ ಸಂಖ್ಯೆಯನ್ನು 31ರಿಂದ 29ಕ್ಕೆ ಬದಲಿಸಿದರೆ ಆರನೆಯ ಸಾಲಿಗೆ ಬರುವಾಗ ಲೆಕ್ಕ ಋಣ ಒಂದಕ್ಕೆ ಇಳಿಯುತ್ತದೆ. ಆಗ ಪ್ರೋಗ್ರಾಂ ಎಲ್ಲಿ ನಿಲ್ಲಬೇಕು ಅಂತ ಮಗುವೇ ಯೋಚಿಸಿ ಬರೆಯಬೇಕು.